ಅಕ್ಕನ ಕಂಪ್ಯೂಟರಿಗೆ ಭಾವನ ಕಾವಲು

ಯಾವ ಕೆಲಸಕ್ಕೂ ಬಾರದ ವಸ್ತುವೊಂದನ್ನು ಮುದ್ದಿನಿಂದ ಸಾಕುವುದರಲ್ಲಿ ನಮ್ಮ ಭಾವನನ್ನು ಮೀರಿಸುವವರು ಇಡೀ ಆಸ್ಟ್ರೇಲಿಯಾ ಖಂಡದಲ್ಲೇ ಇಲ್ಲವೆಂದು ನಾನು ಬಾಜಿ ಕಟ್ಟಿ ಹೇಳಬಲ್ಲೆ. ಇಲ್ಲಿನವರು ನಾಯಿ ಸಾಕುತ್ತಾರೆ, ಕುದುರೆ ಸಾಕುತ್ತಾರೆ. ಗಾಜಿನ ಪೆಟ್ಟಿಗೆಯಲ್ಲಿ ಹಲ್ಲಿ ಸಾಕಿ ಅದಕ್ಕೆ ಹೆಸರಿಟ್ಟು ಕರೆಯುವವರನ್ನೂ ಕಂಡಿದ್ದೇನೆ. ನಮ್ಮ ಭಾವ ಸಾಕಿದ್ದು ಒಂದು ಕಂಪ್ಯೂಟರನ್ನು. ಅದೂ ಎಂಥದ್ದು? ಹಾಲು ಹೆಚ್ಚಾದ ಕಾಫಿಯ ಬಣ್ಣದ, ಮೇಜಿನ ಕೆಳಗೆ ಕೂರುವ, ಫ್ಲಾಪಿ ನುಂಗುವ ಬಾಯಿಯಿರುವ ಹಳೇ ಡಬ್ಬ!

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು, ಸಾಫ್ಟ್‌ವೇರ್ ಇಂಜಿನಿಯರು, ಉಳಿದೆಲ್ಲ ವಿಷಯದಲ್ಲೂ ತಲೆ ನೆಟ್ಟಗಿರುವ ಮನುಷ್ಯ. ಅವರ ದುಡಿಮೆಯೆಲ್ಲ ಆಫೀಸಿನವರು ಕೊಟ್ಟ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ. ಹಾಗೆ ನೋಡಿದರೆ ಈ ಡಬ್ಬ ಅವರದ್ದೂ ಅಲ್ಲ, ಅಕ್ಕನದು. ಅಕ್ಕ ಇಂಜಿನಿಯರಿಂಗ್ ಓದುವಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಒಂದೊಂದೇ ಭಾಗವನ್ನು ಚೌಕಾಸಿ ಮಾಡಿ ಕೊಂಡು, ನಮ್ಮ ನಡುಮನೆಯ ಚಾಪೆಯ ಮೇಲೆ ಕೂತು ತಾನೇ ಸ್ಕ್ರೂ ತಿರುಗಿಸಿ ಜೋಡಿಸಿದ್ದು. ಅದರಲ್ಲೇ ಪ್ರೋಗ್ರಾಮ್ ಬರೆಯುವುದನ್ನು ಕಲಿತು, ಒಳ್ಳೆಯ ಕಂಪನಿ ಸೇರಿ, ಭಾವನಿಗಿಂತ ಮೊದಲೇ ಟೀಮ್ ಲೀಡ್ ಆದವಳು ಅವಳು.

ಇಂಥ ಅಕ್ಕ ಅದನ್ನು ಬಿಸಾಕಿ ಎನ್ನುತ್ತಾಳೆ, ಭಾವ ಬಿಸಾಕುವುದಿಲ್ಲ ಎನ್ನುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಈ ಜಗಳ ಪರ್ತ್‌ನಲ್ಲಿ ಶುರುವಾಗಿ, ಅಡಿಲೇಡ್‌ನಲ್ಲಿ ಬೆಳೆದು, ಬ್ರಿಸ್ಬೇನ್‌ನಲ್ಲಿ ಇತ್ಯರ್ಥವಾಯಿತು. ಮೂರು ಊರಿನಲ್ಲೂ ನಾನೇ ಸಾಕ್ಷಿ.

ಪರ್ತ್‌ನಲ್ಲಿ ಗಣಿ ಕಂಪನಿಗಳ ಭರಾಟೆ ಜೋರಾಗಿದ್ದ ಕಾಲದಲ್ಲಿ ಭಾವನಿಗೆ ಅಲ್ಲಿ ಕೆಲಸ ಸಿಕ್ಕಿತು. ಮೊದಲ ಸಲ ಸಂಸಾರ ಕಟ್ಟಿಕೊಂಡು ಬರುವವರು ಸೂಟ್‌ಕೇಸಿನಲ್ಲಿ ಏನು ತರುತ್ತಾರೆ? ಪ್ರೆಶರ್ ಕುಕ್ಕರ್, ಸೀರೆ, ಚಟ್ನಿಪುಡಿ. ಭಾವ ಅವನ್ನೆಲ್ಲ ತೆಗೆದಿಟ್ಟು ಡಬ್ಬ ತುಂಬಿದರು. ಆಗಷ್ಟೇ ದಸರಾ ಮುಗಿದಿತ್ತು. ನಮ್ಮ ಮನೆಗಳಲ್ಲಿ ಆಯುಧಪೂಜೆ ಎಂದರೆ ಗೊತ್ತಲ್ಲ, ಮಿಕ್ಸಿಯಿಂದ ಇಸ್ತ್ರಿಪೆಟ್ಟಿಗೆಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ. ಭಾವನದು ಇನ್ನೂ ಒಂದು ಕೈ ಮೇಲು. ಕಂಪ್ಯೂಟರಿನ ಮುಚ್ಚಳ ಬಿಚ್ಚಿ ಒಳಗೇ ಪೂಜೆ ಮಾಡುತ್ತಾರೆ. "ಕೆಲಸ ಮಾಡೋದು ಒಳಗಿರೋದು ತಾನೆ? ಹೊರಗಿನ ತಗಡಿಗೆ ಕುಂಕುಮ ಇಟ್ಟು ಏನು ಬಂತು?" ಎಂಬುದು ಅವರ ವಾದ.

ಹೊರದೇಶದ ಒಂದು ಬೀಜವನ್ನೂ ಒಳಗೆ ಬಿಡದ ಇಲ್ಲಿನ ಕ್ವಾರಂಟೈನ್ ತಪಾಸಣೆಯನ್ನು ಬಲ್ಲವರು ಮುಂದಿನದನ್ನು ಊಹಿಸಿಕೊಂಡಿರುತ್ತಾರೆ. ಹೂವು, ಕಾಳು, ಎಲೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಭಾವ ಎದೆಯುಬ್ಬಿಸಿ ಇಲ್ಲವೆಂದರಂತೆ. ಅಧಿಕಾರಿಣಿ ಡಬ್ಬದ ಮುಚ್ಚಳ ತೆಗೆದರೆ ಮದರ್‌ಬೋರ್ಡಿನ ತುಂಬ ಚೆಂಡುಹೂವಿನ ಎಸಳು, ಫ್ಯಾನಿಗೆ ಸಿಕ್ಕಿಕೊಂಡ ಗರಿಕೆ, ಸಂದಿಸಂದಿಯಲ್ಲೂ ಅಕ್ಷತೆ! ಆಕೆ ಕೈಗವಸು ತೊಟ್ಟು ಚಿಮಟದಲ್ಲಿ ಅಕ್ಕಿಕಾಳನ್ನು ಒಂದೊಂದಾಗಿ ಹೆಕ್ಕುತ್ತಿರುವಾಗ ಭಾವ ಬಹಳ ವಿನಯದಿಂದ, "ಮೇಡಂ, ಆ ಕುಂಕುಮ ಒಂದು ಬಿಟ್ಬಿಡಿ, ಅದು ಗಿಡ ಅಲ್ಲ" ಎಂದು ಇಂಗ್ಲಿಷಿನಲ್ಲಿ ವಿನಂತಿಸಿದರಂತೆ. ಇದನ್ನು ನನಗೆ ಹೇಳಿದ್ದು ಅಕ್ಕ. ಆ ಹೊತ್ತಿನಲ್ಲಿ ಅವಳು ಟ್ರಾಲಿ ತಳ್ಳಿಕೊಂಡು ದೂರ ಹೋಗಿ, ತಾನು ಬೇರೆ ಯಾರದೋ ಮನೆಯವಳು ಎಂಬಂತೆ ನಿಂತಿದ್ದಳು.

ನಾನಾಗ ಪರ್ತ್‌ನಲ್ಲಿ ಓದುತ್ತಿದ್ದೆ. ಅವರು ಅಲ್ಲಿನ ಕ್ಯಾನಿಂಗ್ಟನ್ ಬಡಾವಣೆಯಲ್ಲಿ ಮನೆ ಹಿಡಿದ ಮೇಲೆ ನಾನೂ ಅಲ್ಲಿಗೇ ಗಂಟುಮೂಟೆ ಸಾಗಿಸಿದೆ. ದಿನವೂ ಬೆಳಿಗ್ಗೆ ಭಾವ ಡಬ್ಬದ ಎಡಗೆನ್ನೆಗೆ ಮೆಲ್ಲಗೆ ಎರಡು ತಟ್ಟಿ ಸ್ವಿಚ್ ಒತ್ತುತ್ತಿದ್ದರು. ಅದು ಗುರ್ರೆಂದು ಎದ್ದು, ಕೆಮ್ಮಿ, ಕಣ್ಣುಬಿಡುವಷ್ಟರಲ್ಲಿ ಇವರ ಸ್ನಾನ, ಸಂಧ್ಯಾವಂದನೆ, ಕಾಫಿ ಎಲ್ಲ ಮುಗಿದಿರುತ್ತಿತ್ತು. ಬಂದು ಪರದೆ ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಆಫ್ ಮಾಡಿ ಆಫೀಸಿಗೆ ಹೊರಡುತ್ತಿದ್ದರು. ಅಷ್ಟೇ! ಅದರಲ್ಲಿ ಒಂದಕ್ಷರ ಟೈಪ್ ಮಾಡಿದ್ದನ್ನು ನಾನು ನೋಡಿಲ್ಲ.

"ಭಾವ, ಅದರಲ್ಲಿ ಏನು ಮಾಡ್ತೀರಿ ನೀವು?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಆನ್ ಮಾಡ್ತೀನಿ."

"ಆಮೇಲೆ?"

"ಆಫ್ ಮಾಡ್ತೀನಿ. ಇನ್ನೇನು ಮಾಡ್ಬೇಕು?"

ಪರ್ತ್‌ನ ಬೇಸಿಗೆಯಲ್ಲಿ ಗೋಡೆ ಮುಟ್ಟಿದರೂ ಕೈ ಸುಡುತ್ತದೆ. ಆ ಬಾಡಿಗೆ ಮನೆಗೆ ಏಸಿ ಇರಲಿಲ್ಲ, ಇದ್ದದ್ದು ಒಂದು ಟೇಬಲ್ ಫ್ಯಾನು. ಭಾವ ಡಬ್ಬದ ಪಕ್ಕದ ತಗಡು ಬಿಚ್ಚಿ ಫ್ಯಾನನ್ನು ಅದರತ್ತ ತಿರುಗಿಸಿ ಇಟ್ಟಿದ್ದರು. ಊಟಕ್ಕೆ ಬಂದ ಗೆಳೆಯರೊಬ್ಬರು ಬೆವರಿ ಬೆಂಡಾಗಿ, "ಸ್ವಲ್ಪ ಫ್ಯಾನ್ ಈ ಕಡೆ ತಿರುಗಿಸ್ತೀರಾ?" ಎಂದು ಕೇಳಿದರು. "ಅದು ಬಿಸಿಯಾದ್ರೆ ಹ್ಯಾಂಗ್ ಆಗತ್ತೆ ಸಾರ್. ನಿಮಗೆ ಆ ತೊಂದರೆ ಇಲ್ಲವಲ್ಲ" ಎಂದು ಭಾವ ಅವರಿಗೆ ಮಜ್ಜಿಗೆ ಕೊಟ್ಟರು. ಆ ಮಹಾನುಭಾವರು ಮತ್ತೆ ಚಳಿಗಾಲದವರೆಗೆ ನಮ್ಮ ಮನೆಯತ್ತ ಸುಳಿಯಲಿಲ್ಲ.

ಅಕ್ಕ ಈ ನಡುವೆ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಇದ್ದಳು. ಎಲ್ಲರೂ ಇಲ್ಲಿಯ ಅನುಭವ ಇದೆಯೇ ಎಂದು ಕೇಳುವವರೇ. ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಮಗಳು ಹುಟ್ಟಿದಳು. ಮಗುವಿಗೆ ವರ್ಷ ತುಂಬಿದ ಮೇಲೆ ಅಕ್ಕ ಅಲ್ಲೇ ಶಾಪಿಂಗ್ ಸೆಂಟರಿನ ಬಟ್ಟೆಯಂಗಡಿಯಲ್ಲಿ ಬಿಲ್ ಮಾಡುವ ಕೆಲಸಕ್ಕೆ ಸೇರಿದಳು. "ಅಲ್ಲೂ ಕಂಪ್ಯೂಟರ್ ಇದೆ ಬಿಡೇ" ಎಂದು ನಕ್ಕಳು. ಭಾವ ನಗಲಿಲ್ಲ. ಎದ್ದು ಹೋಗಿ ಡಬ್ಬದ ಧೂಳು ಒರೆಸಿದರು.

ಒಂದು ಭಾನುವಾರ ಕನ್ನಡದವರೆಲ್ಲ ಸೇರಿ ಸ್ವಾನ್ ವ್ಯಾಲಿಗೆ ಹೋಗಿದ್ದೆವು. ದ್ರಾಕ್ಷಿತೋಟದ ಪಕ್ಕ ಚಾಪೆ ಹಾಸಿ ಪುಳಿಯೋಗರೆ ಮುಗಿಸಿದ ಮೇಲೆ ಗಂಡಸರ ಬಾಯಲ್ಲಿ ತಂತಮ್ಮ ಮೊದಲ ಕಂಪ್ಯೂಟರಿನ ಪಾರಾಯಣ ಶುರುವಾಯಿತು. ಮೊದಲ ಹೆಂಡತಿಯ ವಿಷಯವಾದರೂ ಇಷ್ಟು ಭಕ್ತಿಯಿಂದ ಮಾತಾಡುತ್ತಾರೋ ಇಲ್ಲವೋ! "ನಮ್ಮಪ್ಪ ಕಂಪ್ಯೂಟರ್ ರೂಮಿಗೆ ಕಾಲು ತೊಳ್ಕೊಂಡು ಬಾ ಅಂತಿದ್ರು" ಎಂದರೊಬ್ಬರು. ಇನ್ನೊಬ್ಬರು ಫೋನ್ ತಂತಿಯ ಇಂಟರ್ನೆಟ್ ಕನೆಕ್ಟ್ ಆಗುವಾಗಿನ ಕಿರ್ರ್-ಕುಂಯ್ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿದಾಗ, ಪಕ್ಕದ ಚಾಪೆಯವರು ತಮ್ಮ ನಾಯಿಯನ್ನು ಹತ್ತಿರ ಎಳೆದುಕೊಂಡರು. ಗಲ್ಫಿನಲ್ಲಿದ್ದು ಇಲ್ಲಿಗೆ ಬಂದ ಮಂಗಳೂರಿನ ಅಂಕಲ್ ಒಬ್ಬರು, "ನಾನು ದುಬೈಯಿಂದ ಊರಿಗೆ ತಂದದ್ದು ಮಾರಾಯ್ರೆ. ಅಮ್ಮ ಅದಕ್ಕೆ ಲೇಸಿನ ಬಟ್ಟೆ ಹೊದಿಸಿ ಮೇಲೆ ಮೇರಿ ಮಾತೆಯ ಮೂರ್ತಿ ಇಟ್ಟಿದ್ರು. ಇಮೇಲ್ ನೋಡ್ಲಿಕ್ಕೆ ಮೊದಲು ಪ್ರಾರ್ಥನೆ ಮಾಡಿ ಮಾತೆಯನ್ನು ಇಳಿಸ್ಬೇಕಿತ್ತು" ಎಂದು ಎಲ್ಲರನ್ನೂ ನಗಿಸಿದರು.

ಭಾವ ತಮ್ಮ ಸರದಿಗೆ ಕಾದಿದ್ದು, "ನಿಮ್ಮದೆಲ್ಲ ಬರೀ ನೆನಪು. ನಮ್ಮದು ಇವತ್ತು ಬೆಳಿಗ್ಗೆನೂ ಆನ್ ಆಗಿದೆ" ಎಂದರು.

ಮಗುವಿನ ಬಾಯಿ ಒರೆಸುತ್ತಿದ್ದ ಅಕ್ಕ ತಲೆಯೆತ್ತದೆ, "ನಿಮ್ಮದಲ್ಲ, ನಂದು. ಆನ್ ಆಗೋದು ಬಿಟ್ರೆ ಅದಕ್ಕೆ ಬೇರೆ ಕೆಲಸನೂ ಇಲ್ಲ" ಎಂದಳು.

ಗಣಿ ಕಂಪನಿಗಳ ಭರಾಟೆ ಇಳಿಯಿತು. ಭಾವನಿಗೆ ಅಡಿಲೇಡ್‌ನಲ್ಲಿ ಬೇರೆ ಕೆಲಸವಾಯಿತು. ನನಗೂ ಅಲ್ಲೇ ಮಾಸನ್ ಲೇಕ್ಸ್‌ನ ಒಂದು ಆಫೀಸಿನಲ್ಲಿ ಸಿಕ್ಕಿತು. ಸಾಮಾನೆಲ್ಲ ಲಾರಿಗೆ, ನಾವೆಲ್ಲ ಕಾರಿಗೆ. ಡಬ್ಬ ಮಾತ್ರ ನಮ್ಮ ಜೊತೆ! ಹಿಂದಿನ ಸೀಟಿನಲ್ಲಿ ಒಂದು ಕಡೆ ಮಗು, ಇನ್ನೊಂದು ಕಡೆ ಸೀಟ್‌ಬೆಲ್ಟ್ ಕಟ್ಟಿಸಿಕೊಂಡ ಕಂಪ್ಯೂಟರು, ನಡುವೆ ಉಪ್ಪಿನಕಾಯಿಯಂತೆ ನಾನು. ಮರವೇ ಕಾಣದ ನಲ್ಲಾರ್ಬರ್ ಬಯಲನ್ನು ಹೀಗೆ ದಾಟಬೇಕು ಎಂದರೆ ನನ್ನ ಸೊಂಟದ ಗತಿಯೇನು?

"ಭಾವ, ಕಿಟಕಿ ಪಕ್ಕ ನಾನು ಕೂತ್ಕೋತೀನಿ."

"ಅದಕ್ಕೆ ಗಾಳಿ ಬೇಕು ಕಣಮ್ಮ. ಮುಂದಿನ ಸರ್ವೋದಲ್ಲಿ ಪೆಟ್ರೋಲ್ ಹಾಕಿಸುವಾಗ ನಿಂಗೆ ಐಸ್‌ಕ್ರೀಮ್ ಕೊಡಿಸ್ತೀನಿ."

ಪಶ್ಚಿಮದಿಂದ ಹಣ್ಣುಹಂಪಲು ಬರದಂತೆ ತಡೆಯಲು ಸೆಡೂನಾ ಎಂಬ ಊರಿನಲ್ಲಿ ಮತ್ತೊಂದು ತಪಾಸಣೆ ಇದೆ. ಈ ಸಲ ಭಾವ ಹುಷಾರಾಗಿದ್ದರು. ಹೊರಡುವ ಮುನ್ನಾದಿನ ಬ್ರಷ್ ಹಿಡಿದು ಡಬ್ಬದ ಒಳಗನ್ನೆಲ್ಲ ಗುಡಿಸಿದ್ದರು. ಕೇಳುವ ಮೊದಲೇ ತಾವಾಗಿ ಮುಚ್ಚಳ ಬಿಚ್ಚಿ, ನೋಡಿಕೊಳ್ಳಿ ಸ್ವಾಮಿ, ಒಂದು ಎಸಳೂ ಇಲ್ಲ ಎಂಬಂತೆ ಕೈ ಚಾಚಿದರು. ಒಳಗಿನಿಂದ ದುಂಡನೆಯ ಹಳದಿ ನಿಂಬೆಹಣ್ಣೊಂದು ಉರುಳಿ ಅಧಿಕಾರಿಯ ಬೂಟಿನ ಬಳಿ ನಿಂತಿತು. ಪ್ರಯಾಣಕ್ಕೆ ದೃಷ್ಟಿಯಾಗದಿರಲೆಂದು ಯಾರೋ ಇಟ್ಟದ್ದು. ಭಾವ ನನ್ನನ್ನು ನೋಡಿದರು. ನಾನು ಅಕ್ಕನನ್ನು ನೋಡಿದೆ. ಅಕ್ಕ ಆಚೆ ಬಯಲನ್ನು ನೋಡಿದಳು.

ಅಡಿಲೇಡ್‌ನಲ್ಲಿ ಡಬ್ಬದ ಪವರ್ ಸಪ್ಲೈ ಸುಟ್ಟುಹೋಯಿತು. "ಬಿಟ್ಬಿಡ್ರಿ, ಅದರ ಆಯುಸ್ಸು ಮುಗೀತು" ಎಂದಳು ಅಕ್ಕ. ಭಾವ ಬಿಟ್ಟಾರೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಶನಿವಾರಗಳೆಲ್ಲ, ಜನ ಮನೆಮುಂದೆ ಹಳೇ ಸಾಮಾನು ಮಾರುವ ಗ್ಯಾರೇಜ್ ಸೇಲ್‌ಗಳ ಸುತ್ತಾಟವಾಯಿತು. ಕೊನೆಗೊಂದು ದಿನ ಕಾರಿನ ಡಿಕ್ಕಿಯ ತುಂಬ ಸತ್ತ ಕಂಪ್ಯೂಟರುಗಳನ್ನು ಹೇರಿಕೊಂಡು ಬಂದರು.

"ಒಂದನ್ನ ಬಿಸಾಕಿ ಅಂದ್ರೆ ಇಷ್ಟೊಂದು ತಂದಿದೀರಲ್ರೀ?" ಎಂದಳು ಅಕ್ಕ.

"ಇವೆಲ್ಲ ರಕ್ತದಾನಿಗಳು ಕಣೇ."

ರಕ್ತ ಹೊಂದಿತು, ಡಬ್ಬ ಮತ್ತೆ ಗುರ್ರೆಂದಿತು. ಅಕ್ಕ ಆ ಊರಿನಲ್ಲಿ ಚೈಲ್ಡ್‌ಕೇರ್ ಒಂದರಲ್ಲಿ ಮಕ್ಕಳಿಗೆ ಬಣ್ಣ ಹಚ್ಚಿಸುತ್ತಿದ್ದಳು. ಮತ್ತೆ ಭಾವನ ಕೆಲಸ ಬದಲಾಗಿ ಅವರು ಬ್ರಿಸ್ಬೇನ್‌ಗೆ ಹೋದ ಮೇಲೆ ಮಗಳ ಶಾಲೆಯ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಕಟ್ಟುತ್ತಿದ್ದಳು. ಅರ್ಜಿ ಹಾಕುವುದನ್ನು ಯಾವಾಗ ನಿಲ್ಲಿಸಿದಳೆಂದು ನನಗೂ ಗೊತ್ತಿಲ್ಲ.

ಅಡಿಲೇಡ್‌ನಲ್ಲೇ ಉಳಿದಿದ್ದ ನಾನು ದಸರಾಕ್ಕೆಂದು ಬ್ರಿಸ್ಬೇನ್‌ಗೆ ಹೋಗಿದ್ದೆ. ಅಲ್ಲಿ ಕೌನ್ಸಿಲಿನವರು ವರ್ಷಕ್ಕೊಮ್ಮೆ ಬಂದು, ಮನೆಮುಂದೆ ಇಟ್ಟ ಹಳೇ ಸಾಮಾನನ್ನೆಲ್ಲ ಎತ್ತಿಕೊಂಡು ಹೋಗುತ್ತಾರೆ. ಅವರು ಬರುವ ಮೊದಲು ಜನ ಹಿಂಬದಿ ತೆರೆದ ತಮ್ಮ ಯೂಟ್ ಗಾಡಿಗಳಲ್ಲಿ ಸುತ್ತಿ ಬೇಕಾದ್ದನ್ನು ಆರಿಸಿಕೊಳ್ಳುವುದೂ ಉಂಟು. ಆಯುಧಪೂಜೆಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಭಾವ ಸ್ನಾನಕ್ಕೆ ಹೋದದ್ದೇ ತಡ, ಅಕ್ಕ ಡಬ್ಬವನ್ನು ಎತ್ತಿಕೊಂಡು ಹೋಗಿ ರಸ್ತೆಯಂಚಿನಲ್ಲಿ, ಮುರಿದ ಕುರ್ಚಿಯ ಪಕ್ಕ ಇಟ್ಟು ಬಂದಳು.

ಭಾವ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು ಹೊರಬಂದರು. ಮೇಜಿನ ಕೆಳಗೆ ನೋಡಿದರು. ಕಿಟಕಿಯಾಚೆ ನೋಡಿದರು. ಯೂಟೊಂದು ನಮ್ಮ ಡಬ್ಬವನ್ನು ಹೇರಿಕೊಂಡು ಹೊರಟಿತ್ತು. ಭಾವ ಪಂಚೆ ಮೇಲೆತ್ತಿ ಕಟ್ಟಿ ಓಡಿದರು ನೋಡಿ! ಆ ವಯಸ್ಸಿಗೆ, ಆ ಹೊಟ್ಟೆಗೆ, ಅಂಥ ಓಟ! ಅಕ್ಕನ ಮಗಳು ಗೇಟಿನ ಬಳಿ ನಿಂತು, "ಚಿಕ್ಕಿ, ಅಪ್ಪ ಹ್ಯಾಸ್ ನೋ ಶೂಸ್" ಎಂದು ವರದಿ ಒಪ್ಪಿಸಿದಳು.

ತಿರುವಿನಲ್ಲಿ ಯೂಟ್ ನಿಂತಿತು. ಭಾವ ಏದುಸಿರು ಬಿಡುತ್ತ, "ಸಾರಿ ಮೇಟ್. ಅದು ನನ್ನ ಹೆಂಡತಿಯದು" ಎಂದಿರಬೇಕು, ಆತ ನಗುತ್ತ ಇಳಿಸಿಕೊಟ್ಟ. ಮಗುವನ್ನು ಎತ್ತಿಕೊಂಡಂತೆ ಅದನ್ನು ಎದೆಗವಚಿಕೊಂಡು ಭಾವ ವಾಪಸು ಬಂದರು. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅಕ್ಕ ಗೇಟಿಗೆ ಅಡ್ಡ ನಿಂತಿದ್ದಳು.

"ನನ್ನ ಡಬ್ಬ, ನಾನು ಬಿಸಾಕ್ದೆ. ಅದರಲ್ಲಿ ಇನ್ನೇನು ಕೆಲಸ ಆಗತ್ತೆ ಅಂತ ತಂದ್ರಿ? ನೀವೇ ಹೇಳಿ, ಇಂಜಿನಿಯರ್ ಅಲ್ವಾ?"

"ಏನೂ ಆಗಲ್ಲ. ನಂಗೂ ಗೊತ್ತು."

"ಮತ್ತೆ?"

ಭಾವ ಡಬ್ಬವನ್ನು ಇಳಿಸಲಿಲ್ಲ. "ನನ್ನ ಕೆಲಸಕ್ಕೋಸ್ಕರ ಊರೂರು ಬಂದೆ ನೀನು. ಬಿಲ್ ಹಾಕ್ದೆ, ಮಕ್ಕಳನ್ನ ನೋಡ್ಕೊಂಡೆ, ಸ್ಯಾಂಡ್‌ವಿಚ್ ಕಟ್ತಿದೀಯ. ಇದನ್ನೂ ಬಿಸಾಕಿಬಿಟ್ರೆ, ನೀನಿನ್ನು ಪ್ರೋಗ್ರಾಮ್ ಬರೆಯೋದೇ ಇಲ್ಲ ಅಂತ ಒಪ್ಕೊಂಡ ಹಾಗೆ. ನೀನು ಒಪ್ಕೊಂಡಿರಬಹುದು. ನಾನು ಒಪ್ಪಿಲ್ಲ."

ಇಷ್ಟು ವರ್ಷ ದಿನಾ ಬೆಳಿಗ್ಗೆ ಅದನ್ನು ಎಬ್ಬಿಸಿ ನೋಡುತ್ತಿದ್ದುದು ಇದಕ್ಕೇ ಎಂದು ನನಗಾಗ ಹೊಳೆಯಿತು. ಅಕ್ಕ ಡಬ್ಬದ ಇನ್ನೊಂದು ಬದಿಗೆ ಕೈ ಕೊಟ್ಟಳು. ಇಬ್ಬರೂ ಸೇರಿ ಒಳಗೆ ಹೊತ್ತು ತಂದು ಮೇಜಿನ ಕೆಳಗೆ ಇಟ್ಟರು. ಅಕ್ಕ ದುಪಟ್ಟಾದ ತುದಿಯಿಂದ ಅದರ ಮೇಲಿನ ಮಣ್ಣು ಒರೆಸಿ, ಅಲ್ಲೇ ನೆಲದ ಮೇಲೆ ಕೂತಳು.

"ಇದು ಇಲ್ಲೇ ಇರ್ಲಿ. ನಂಗೊಂದು ಹೊಸ ಲ್ಯಾಪ್‌ಟಾಪ್ ಬೇಕು. ನಿಮ್ಮ ಆಫೀಸಿನದಕ್ಕಿಂತ ಒಳ್ಳೇದು," ಎಂದಳು.

ಭಾವ ಬರಿಗಾಲಿನಲ್ಲೇ, ಒದ್ದೆ ಕಣ್ಣಿನಲ್ಲೇ, ಕಾರಿನ ಕೀಲಿ ಹುಡುಕತೊಡಗಿದರು.