ಅತ್ತೆಯ ಕಾಯಿಲೆ ಹಿಂಪಡೆದು, ಡ್ರ್ಯಾಗನ್ ನಿಮಿತ್ತ ಅರ್ಧ ದಿನ ರಜೆ ಕೋರಿಕೆ

ಇಂದ,
ಗೋಪಿನಾಥ್,
ಭಾಗಗಳ ತಪಾಸಣೆಗಾರ, ಎರಡನೇ ಶೆಡ್,
ಹೊಸೂರು.

ಗೆ,
ಶ್ರೀ ರವಿಕುಮಾರ್ ಅವರು,
ವ್ಯವಸ್ಥಾಪಕರು, ತಪಾಸಣಾ ವಿಭಾಗ.

ದಿನಾಂಕ: 17-11-2008

ವಿಷಯ: ಹಿಂದಿನ ರಜೆಯ ಕಾರಣ ಸುಳ್ಳೆಂದು ಒಪ್ಪಿಕೊಳ್ಳುವ ಹಾಗೂ ನಿಜವಾದ ಕಾರಣಕ್ಕೆ ಅರ್ಧ ದಿನ ರಜೆ ಕೋರುವ ಬಗ್ಗೆ.

ಉಲ್ಲೇಖ: 1. ಅರ್ಜಿದಾರನ ದಿ. 10-11-2008ರ ರಜಾ ಚೀಟಿ (ಸುಳ್ಳು).
2. ಅರ್ಜಿದಾರನ ಅತ್ತೆಯವರ ದಿ. 12ರ ದೂರವಾಣಿ ಕರೆ (ನಿಜ).
3. ತಮ್ಮ ದಿ. 14ರ ಮೆಮೊ.

ಮಾನ್ಯರೇ,

ಮೆಮೊಗೆ ಅರ್ಜಿದಾರನು ಇಂಗ್ಲಿಷಿನಲ್ಲಿ ಕೊಟ್ಟ ಸಮಜಾಯಿಷಿಯನ್ನು ತಾವು ಎರಡು ಸಲ ಓದಿ, "ಇದ್ರಲ್ಲಿ ಯಾರಿಗೆ ಹುಷಾರಿಲ್ಲ ಅಂತಾನೇ ಗೊತ್ತಾಗ್ತಿಲ್ಲ, ಕನ್ನಡದಲ್ಲಿ ಬರ್ಕೊಂಡ್ ಬಾರಪ್ಪ" ಎಂದು ಹಿಂದಿರುಗಿಸಿದ ಕಾರಣ, ಈ ಕೆಳಕಂಡಂತೆ ನಿವೇದಿಸಲಾಗಿದೆ.

1. ಸದರಿ ಅರ್ಜಿದಾರನು ದಿನಕ್ಕೆ ಎಂಟುನೂರು ಉಕ್ಕಿನ ಪಿನ್ನುಗಳನ್ನು ಅಳೆದು, ಕೂದಲೆಳೆಯಷ್ಟು ದೋಷವಿದ್ದರೂ ಕೆಂಪು ಬಣ್ಣ ಬಳಿದು ತಿರಸ್ಕರಿಸುವವನು. ಆರು ವರ್ಷಗಳಲ್ಲಿ ಯಾವ ಪಿನ್ನಿಗೂ ದಯೆ ತೋರಿದವನಲ್ಲ. ಇಂಥವನು ಬಸ್ ನಿಲ್ದಾಣದ ಬಳಿ ಕೊಂಡ ಒಂದು ಕಂಪ್ಯೂಟರ್ ಆಟಕ್ಕೆ ಮನಸೋತನು. ಕುರಿ ಕಾಯುವವನೊಬ್ಬ ಕತ್ತಿ ಹಿಡಿದು, ಡ್ರ್ಯಾಗನ್ ಕಾಯುವ ಸೇತುವೆ ದಾಟಿ, ಮೋಡದ ಮೇಲಿನ ಕೋಟೆಗೆ ಹೋಗುವುದು ಆಟದ ವಸ್ತು.

2. ಸದರಿ ಆಟವು ತಪಾಸಣೆಗೆ ಬಂದಿದ್ದರೆ ಮೊದಲ ನಿಮಿಷದಲ್ಲೇ ಕೆಂಪು ಬಣ್ಣ ಕಾಣುತ್ತಿತ್ತು. ಕುದುರೆ ಗೋಡೆಗೆ ಡಿಕ್ಕಿ ಹೊಡೆದ ಹೊರತು ನಿಲ್ಲುವುದಿಲ್ಲ. ಕತ್ತಿ ಎಳೆಯುವುದಕ್ಕೂ ಔಷಧಿ ಕುಡಿಯುವುದಕ್ಕೂ ಒಂದೇ ಗುಂಡಿ. ಆದ್ದರಿಂದ ಅರ್ಜಿದಾರನು ಡ್ರ್ಯಾಗನ್ನಿನ ಎದುರು ನಿಂತು ಇದ್ದಬದ್ದ ಔಷಧಿಯನ್ನೆಲ್ಲ ಗಟಗಟನೆ ಕುಡಿದು ಬರಿಗೈಯಲ್ಲಿ ಸತ್ತಿದ್ದಾನೆ. ಅಲ್ಲಿಯವರೆಗಿನ ಆಟ ಉಳಿಸಿಕೊಳ್ಳಲು ಬಾವಿಯೊಂದನ್ನು ಮುಟ್ಟಬೇಕು. ಒಂದು ಬಾವಿ ಸೇತುವೆಯಿಂದ ನಲವತ್ತು ನಿಮಿಷ ಹಿಂದಿದೆ, ಇನ್ನೊಂದು ಸೇತುವೆಯ ಆಚೆಗಿದೆ. ಕಾರಣ, ಸತ್ತಾಗಲೆಲ್ಲ ನಲವತ್ತು ನಿಮಿಷ ನಷ್ಟ.

3. ರಜೆಯ ಮೊದಲೆರಡು ದಿನ ಹದಿನಾರು ಸಾವುಗಳು ಸಂಭವಿಸಿದವು. ಚೀಟಿಯಲ್ಲಿ "ಅತ್ತೆಗೆ ಗಂಭೀರ" ಎಂದು ಬರೆದದ್ದನ್ನು ಅರ್ಜಿದಾರನು ಮರೆತೇಬಿಟ್ಟಿದ್ದನು. ಗಾರ್ಮೆಂಟ್ಸಿಗೆ ಹೋಗುವ ಹೆಂಡತಿ ಭಾನು, ಗಂಡ ಡ್ಯೂಟಿಯಲ್ಲಿದ್ದಾನೆಂದೇ ನಂಬಿದ್ದಳು.

4. ಮೂರನೇ ದಿನ ಜವಳಗಿರಿಯಿಂದ ಅತ್ತೆ ಗೋವಿಂದಮ್ಮನವರು, ರಾಗಿಹಿಟ್ಟಿನ ಚೀಲ ಬಸ್ಸಿಗೆ ಹಾಕುತ್ತೇನೆಂದು ತಿಳಿಸಲು ಮನೆಗೆ ಫೋನು ಮಾಡಿದರು. ಅರ್ಜಿದಾರನು ಔಷಧಿ ಕುಡಿಯುತ್ತಿದ್ದ ಕಾರಣ ಎತ್ತಲಿಲ್ಲ. ಆದ್ದರಿಂದ ಅವರು ಕಾರ್ಖಾನೆಗೆ ಮಾಡಿದರು. "ಅವರ ಅತ್ತೆಗೆ ಸೀರಿಯಸ್ಸಂತಲ್ಲಮ್ಮ" ಎಂದು ತಾವು ಸಂತಾಪದ ದನಿಯಲ್ಲಿ ನುಡಿದಿರೆಂದೂ, "ನಾನೇ ಸ್ವಾಮಿ ಆ ಅತ್ತೆ! ಗುಂಡ್ಕಲ್ಲಿನಂಗಿವ್ನಿ!" ಎಂಬ ಉತ್ತರ ಬಂದಿತೆಂದೂ ತಿಳಿದುಬಂದಿದೆ.

5. ಅಳಿಯನಿಗೇ ಏನೋ ಆಗಿದೆಯೆಂದು ಹೆದರಿ, ಚೀಲ ಹೊತ್ತುಕೊಂಡೇ ಅವರು ಹನ್ನೆರಡೂವರೆಗೆ ಬಾಗಿಲಲ್ಲಿ ನಿಂತರು. ಅಳಿಯ ಬನಿಯನ್ನಿನಲ್ಲಿ ಕುಳಿತು ಕಂಪ್ಯೂಟರನ್ನು ಬಯ್ಯುತ್ತಿದ್ದನು. ಅವರು ಬಯ್ಯಲಿಲ್ಲ. ಕೆಳಗೆ ಕುಳಿತು, ಒಂದು ಸಾವನ್ನು ಪೂರ್ತಿ ನೋಡಿದರು.

"ಎಷ್ಟ್ನೇದು?"

"ಇಪ್ಪತ್ತು, ಅತ್ತೆ."

"ಇಷ್ಟು ಬಯ್ಕೊಂಡು ಯಾಕಪ್ಪ ಆಡ್ತೀಯ?"

ಆಟದ ಕಣಿವೆಯಲ್ಲಿ ಸಂಜೆಯಾದರೆ ಮನೆಮನೆಗೂ ಒಂದೊಂದಾಗಿ ದೀಪ ಹತ್ತುತ್ತದೆ, ದೂರದಲ್ಲಿ ಕುರಿಯ ಗಂಟೆ ಕೇಳುತ್ತದೆ. ಎರಡನೇ ಶೆಡ್ಡಿಗೆ ಕಿಟಕಿಯಿಲ್ಲದಿರುವುದು ತಮಗೆ ತಿಳಿದ ವಿಷಯ. "ಅಲ್ಲಿ ಸಾಯಂಕಾಲ ಚೆನ್ನಾಗಿರ್ತದೆ, ಅತ್ತೆ" ಎಂದು ಅರ್ಜಿದಾರನು ಹೇಳಿದನು. ಮೂವತ್ತನಾಲ್ಕು ವರ್ಷದ ಗಂಡಸು ಹಾಡಹಗಲಲ್ಲಿ ಅತ್ತೆಗೆ ಹೇಳುವ ಮಾತೇ ಇದು ಎಂದು ತಕ್ಷಣ ನಾಚಿಕೆಯೂ ಆಯಿತು.

ಅವರು ನಗಲಿಲ್ಲ. "ಇನ್ನೊಂದ್ಸಲ ಹೋಗು, ನೋಡಾನ" ಎಂದರು.

6. ನಲವತ್ತು ನಿಮಿಷದ ನಂತರ ಮತ್ತೆ ಸೇತುವೆ ಬಂದಿತು. ಅರ್ಜಿದಾರನು ಎಂದಿನಂತೆ ಓಡಲು ಅಣಿಯಾದನು.

"ಲೋ ಓಡ್ಬೇಡ! ಆನೆ ಎದುರಾದ್ರೆ ಓಡ್ತಾರೇನಪ್ಪ? ಓಡ್ದವನ್ನೇ ಅದು ಅಟ್ಟಿಸ್ಕೊಂಡ್ ಬರೋದು. ಮೆತ್ತಗೆ ನಡಿ. ಅದ್ರ ಕಡೆ ನೋಡ್ಬೇಡ."

"ಇದು ಆನೆಯಲ್ಲ ಅತ್ತೆ, ಡ್ರ್ಯಾಗನ್ನು."

"ಏನಾದ್ರೂ ಆಗ್ಲಿ. ನಡಿ."

ಅರ್ಜಿದಾರನು ನಡೆದನು. ಡ್ರ್ಯಾಗನ್ನು ಕತ್ತೆತ್ತಿ ನೋಡಿ ಮತ್ತೆ ಮಲಗಿತು. ಆಟ ಮಾಡಿದವರು ನಡೆಯುವವನೊಬ್ಬ ಬರಬಹುದೆಂದು ಯೋಚಿಸಿಯೇ ಇರಲಿಲ್ಲವೆಂದು ಕಾಣುತ್ತದೆ. ಸೇತುವೆಯ ನಡುವಿನಲ್ಲಿ ಅತ್ತೆಯವರು ಅರ್ಜಿದಾರನ ಭುಜ ಹಿಡಿದಿದ್ದರು. ಯಾವಾಗ ಹಿಡಿದರೋ ಇಬ್ಬರಿಗೂ ಗೊತ್ತಿಲ್ಲ. ದಾಟಿದರು. ಬಾವಿ ಹತ್ತು ಹೆಜ್ಜೆಯಲ್ಲಿತ್ತು. ಆಗ, ಎರಡು ಗಂಟೆಗೆ ಹೋಗಬೇಕಾದ ಕರೆಂಟು ಒಂದೂ ಮುಕ್ಕಾಲಿಗೇ ಹೋಯಿತು.

7. ಸಂಜೆ ಭಾನು ಬಂದು ಎಲ್ಲವನ್ನೂ ಕೇಳಿದಳು. "ನನ್ ಹೆತ್ತವ್ವನ್ನೇ ಸಾಯ್ಸಕ್ಕೆ ಹೊಂಟಿದ್ಯಲ್ಲ, ನಂಗಾದ್ರೂ ಒಂದ್ಮಾತು ಹೇಳ್ಬಾರ್ದಾಗಿತ್ತಾ?" ಎಂದಳು. ದನಿ ಏರಲಿಲ್ಲ, ಅದೇ ಕಷ್ಟವಾಯಿತು. ಅತ್ತೆಯವರು ನಡುವೆ ಬಾಯಿ ಹಾಕಿ, "ಸುಮ್ನಿರೇ, ಸೇತುವೆ ದಾಟ್ಬುಟ್ಟಿದ್ದ ಪಾಪ" ಎಂದರೂ ಪ್ರಯೋಜನವಾಗಲಿಲ್ಲ. ಎರಡು ದಿನ ಅವಳು ಗಂಡನೊಡನೆ ಮಾತಾಡಲಿಲ್ಲ. ಶನಿವಾರ ತಟ್ಟೆ ಮುಂದಿಟ್ಟು ಷರತ್ತು ಹಾಕಿದಳು: ಇನ್ನು ಸಂಜೆ ಆಟ ಮುಟ್ಟಕೂಡದು. "ಆಡ್ಲೇಬೇಕಂದ್ರೆ ನಿಮ್ ಸಾಹೇಬ್ರಿಗೆ ನಿಜ ಬರ್ದು ರಜ ತಗೊ. ಅವ್ರು ನಕ್ಕೊಂಡಾದ್ರೂ ಕೊಡ್ಲಿ, ಉಗ್ದಾದ್ರೂ ಕೊಡ್ಲಿ."

8. ಭಾನುವಾರ ಆಡಬಾರದೇ ಎಂದು ತಾವು ಕೇಳಬಹುದು. ರಾಗಿ ಹೊಲಕ್ಕೆ ಆನೆ ಇಳಿಯುವ ಕಾಲವಾದ್ದರಿಂದ ಅತ್ತೆಯವರು ಬರುವ ಶನಿವಾರವೇ ಊರಿಗೆ ಹೊರಡುವವರಿದ್ದು, ಅವರಿಲ್ಲದೆ ಸೇತುವೆಗೆ ಹೋಗಲು ಅರ್ಜಿದಾರನಿಗೆ ಮನಸ್ಸಿಲ್ಲ.

ಆದ್ದರಿಂದ, ಹಿಂದಿನ ಮೂರು ದಿನಗಳನ್ನು ಸಂಬಳರಹಿತವೆಂದು ಪರಿಗಣಿಸಿ, ದಿ. 21ರ ಶುಕ್ರವಾರ ಬೆಳಗಿನ ಅರ್ಧ ದಿನ ರಜೆಯನ್ನು, ಕಾರಣದ ಕಾಲಮಿನಲ್ಲಿ "ಆಟ" ಎಂದೇ ನಮೂದಿಸಿ, ಮಂಜೂರು ಮಾಡಬೇಕಾಗಿ ಪ್ರಾರ್ಥನೆ.

ಮೂರು ದಿನಗಳ ಮಟ್ಟಿಗೆ ವಿಶ್ವಾಸ ಕಳೆದುಕೊಂಡಿರುವ
ತಮ್ಮ ವಿಶ್ವಾಸಿ,
(ಗೋಪಿನಾಥ್)

ಅಡಕಗಳು:
1. ತಮ್ಮ ಮೆಮೊ, ಮೂಲ ಪ್ರತಿ.
2. ಗೋವಿಂದಮ್ಮನವರು ಆರೋಗ್ಯವಾಗಿರುವುದಾಗಿ ಅವರದೇ ಹೇಳಿಕೆ, ಹೆಬ್ಬೆಟ್ಟಿನ ಗುರುತು ಸಹಿತ.
3. ಈ ಅರ್ಜಿಯನ್ನು ಓದಿದ್ದೇನೆ, ಇದರಲ್ಲಿ ಸುಳ್ಳಿಲ್ಲ ಎಂದು ಭಾನುವಿನ ಸಹಿ.

ವಿ.ಸೂ.: ಅರ್ಜಿ ತಿರಸ್ಕೃತವಾದ ಪಕ್ಷದಲ್ಲಿ ಆ ವಿಷಯವನ್ನು ದಯಮಾಡಿ ತಾವೇ ಅತ್ತೆಯವರಿಗೆ ತಿಳಿಸಬೇಕು. ಅರ್ಜಿದಾರನಿಗೆ ಅಷ್ಟು ಧೈರ್ಯವಿಲ್ಲ.