ಸುಬ್ಬರಾಯಪ್ಪನ ನಾಲ್ಕು ಎಕ್ಕ

ಹನ್ನೊಂದು ವರ್ಷದಲ್ಲಿ ಒಂದು ಸಲವೂ ಪೋಕರ್ ಗೆಲ್ಲದ ಸುಬ್ಬರಾಯಪ್ಪನೇ ಕೊನೆಗೆ ಕ್ಲಬ್ಬಿಗೆ ಗತಿಯಾದ.

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಿನವಿಡೀ ತಕ್ಕಡಿ ಮುಂದೆ ನಿಲ್ಲುವವನಿಗೆ ಸಂಜೆ ಕ್ಲಬ್ಬಿನ ಕಿಟಕಿ ಪಕ್ಕದ ಕುರ್ಚಿಯೇ ಸ್ವರ್ಗ. ಹುಣಸೆಬೀಜ ಪಣಕ್ಕಿಟ್ಟು ಆಡಿ, ಅದನ್ನೂ ಸೋತು, ಖುಷಿಯಾಗಿ ಮನೆಗೆ ಹೋಗುತ್ತಿದ್ದ. ಇದು ಜೂಜು, ಬೀಗ ಹಾಕುತ್ತೇವೆ ಅಂದರು ಪೊಲೀಸರು. ಇದು ಕೌಶಲದ ಆಟ ಅಂತ ಕ್ಲಬ್ಬಿನವರು ಕೋರ್ಟಿಗೆ ಹೋದರು. ಕಣ್ಣಾರೆ ನೋಡಿ ವರದಿ ಕೊಡಲು ಕೋರ್ಟು ಕೋಲಾರದ ವಕೀಲೆ ಮೇಘನ ಅವರನ್ನು ಕಮಿಷನರ್ ಮಾಡಿ ಕಳಿಸಿತು.

ಅವರು ಬರುವ ದಿನ ಬೆಳಿಗ್ಗೆ ಕ್ಲಬ್ಬಿನ ವಕೀಲ ಅತೀಕ್ ನೇರ ಮಂಡಿಗೇ ಬಂದ.

"ಅದೃಷ್ಟದ ಆಟ ಆಗಿದ್ರೆ ನೀವು ಒಂದ್ಸಲನಾದ್ರೂ ಗೆದ್ದಿರ್ಬೇಕಿತ್ತಲ್ಲ ಸುಬ್ಬರಾಯಪ್ನೋರೆ? ನೀವೇ ನಮ್ ಸಾಕ್ಷಿ. ಮೇಡಂ ಮುಂದೆ ಮೂರು ಆಟ ಸೋತ್ಬಿಡಿ. ಯಾರಿಗೂ ಹೇಳ್ಬೇಡಿ."

"ಸೋಲೋದು ನನಗ್ ಬಿಡಿ ಸಾರ್. ಅದ್ರಲ್ಲಿ ನನ್ನ ಮೀರಿಸೋರಿಲ್ಲ."

ಮಧ್ಯಾಹ್ನ ಊಟಕ್ಕೆ ಹೋದರೆ, ಇಸ್ಪೀಟೆಂದರೆ ಉರಿದುಬೀಳುತ್ತಿದ್ದ ಹೆಂಡತಿ ಆದಿಲಕ್ಷ್ಮಮ್ಮ ದೀಪ ಹಚ್ಚಿದ್ದಳು. ಗಂಡನ ಹಣೆಗೆ ಕುಂಕುಮ ಇಟ್ಟಳು. "ಮುಳಬಾಗಿಲು ಆಂಜನೇಯಸ್ವಾಮಿಗೆ ಹರಕೆ ಹೊತ್ತಿದೀನಿ. ಹೋಗ್ಬನ್ನಿ, ಒಳ್ಳೇದೇ ಆಗತ್ತೆ." ಸುಬ್ಬರಾಯಪ್ಪನಿಗೆ ಕಣ್ಣು ತುಂಬಿ ಬಂತು.

ಸಂಜೆ ಕ್ಲಬ್ಬಿನಲ್ಲಿ ಆಟ ಶುರುವಾಯಿತು. ಮೇಘನ ಅವನ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಕೈಗೆ ಬಂದದ್ದು ಕೆಲಸಕ್ಕೆ ಬಾರದ ಎರಡು, ಏಳು. ಬೇಗ ಸೋತು ಮುಗಿಸೋಣವೆಂದು ಬೀಜವನ್ನೆಲ್ಲ ಒಟ್ಟಿಗೇ ಮುಂದೆ ತಳ್ಳಿದ. ಎದುರಿಗಿದ್ದ ಕ್ಲಬ್ಬಿನ ಅಧ್ಯಕ್ಷ ಶ್ರೀನಿವಾಸಪ್ಪ ಬೆಚ್ಚಿಬಿದ್ದ.

"ಏಮಯ್ಯಾ, ನೀನೇ ಇಷ್ಟು ಧೈರ್ಯ ಮಾಡ್ದೆ ಅಂದ್ರೆ ಏನೋ ಐತೆ. ನಾನ್ ಬಿಟ್ಟೆ."

ಉಳಿದವರೂ ಬಿಟ್ಟರು. ಹನ್ನೊಂದು ವರ್ಷದಲ್ಲಿ ಮೊದಲ ಗೆಲುವು, ಅದೂ ಬೇಡದ ಹೊತ್ತಲ್ಲಿ. ಮೇಘನ ಏನೋ ಬರೆದುಕೊಂಡರು. ಅತೀಕ್ ಬೆವರು ಒರೆಸಿಕೊಂಡ. ಎರಡನೇ ಆಟ ಸುಬ್ಬರಾಯಪ್ಪ ಹೇಗೋ ದೇವರ ದಯೆಯಿಂದ ಸೋತ.

ಮೂರನೆಯದರಲ್ಲಿ ಕೈಗೆ ಎರಡು ಎಕ್ಕ ಬಂದವು. ಎಲ್ಲರಿಗೂ ಸಲ್ಲುವ ಮೇಜಿನ ಎಲೆಗಳಲ್ಲಿ ಇನ್ನೆರಡು ಎಕ್ಕ ಬಿದ್ದವು. ಕನಸಿನಲ್ಲೂ ಕಾಣದ ಎಲೆ! ಒಂದೇ ಒಂದು ಸಲ ಅವನ್ನು ಮೇಜಿಗೆ ಬಡಿದು ಶ್ರೀನಿವಾಸಪ್ಪನ ಮೋರೆ ನೋಡಬೇಕು ಅಂತ ಜೀವ ಒದ್ದಾಡಿತು. ಆದರೆ ಗೆದ್ದರೆ ಕ್ಲಬ್ಬಿಗೆ ಬೀಗ, ಕುರ್ಚಿಗೂ ಬೀಗ. ಎಲೆ ಮಗುಚಿ ಹಾಕಿ ಆಟ ಬಿಟ್ಟ.

"ನಾಲ್ಕು ಎಕ್ಕ ಇಟ್ಕೊಂಡು ಯಾಕ್ರೀ ಬಿಟ್ರಿ?" ಮೇಘನ ಕೇಳಿದರು.

"ಗೊತ್ತಾಗ್ಲಿಲ್ಲಮ್ಮ."

ಮೇಘನ ಅಲ್ಲೇ ವರದಿ ಬರೆದು ಓದಿದರು: ಅದೃಷ್ಟ ತಾನಾಗಿ ಕೈಗೆ ಬಂದರೂ ಕೌಶಲವಿಲ್ಲದವನು ಸೋಲುತ್ತಾನೆ. ಆದ್ದರಿಂದ ಇದು ಕೌಶಲದ ಆಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರ ಕಾರು ಕೋಲಾರದ ಕಡೆ ಹೊರಟ ಮೇಲೆ ಸುಬ್ಬರಾಯಪ್ಪ ನೆಮ್ಮದಿಯಾಗಿ ಕಿಟಕಿ ಪಕ್ಕ ಕೂರಲು ಹೋದ. ಅತೀಕ್ ತೋಳು ಹಿಡಿದ.

"ಕೂರೋ ಹಾಗಿಲ್ಲ ಸುಬ್ಬರಾಯಪ್ನೋರೆ. ಕೌಶಲ ಇದ್ದೋರು ಆಡಿದ್ರೆ ಆಟ. ಇಲ್ದೋರು ಆಡಿದ್ರೆ ಬರೀ ಅದೃಷ್ಟ, ಅಂದ್ರೆ ಜೂಜು. ನಿಮಗಿಲ್ಲ ಅಂತ ರಿಪೋರ್ಟೇ ಐತೆ. ನಿಮ್ಮನ್ನ ಕೂರಿಸ್ಕೊಂಡ್ರೆ ನಾಳೇನೇ ರೇಡು."

"ಬೇಕಂತಾನೇ ಸೋತಿದ್ದು ಅಂತ ನಿಮಗ್ ಗೊತ್ತಲ್ಲ ಸಾರ್."

"ಅದನ್ನ ಹೊರಗೆ ಹೇಳಿದ್ರೆ ಇವತ್ತೇ ರೇಡು."

ಶ್ರೀನಿವಾಸಪ್ಪ ಸದಸ್ಯರ ಪುಸ್ತಕ ತೆಗೆದು ಅವನ ಹೆಸರು ಹೊಡೆದುಹಾಕಿದ.

ಮನೆ ಬಾಗಿಲಲ್ಲೇ ಆದಿಲಕ್ಷ್ಮಮ್ಮ ಕಾದಿದ್ದಳು. "ಏನಾಯ್ತು?"

"ಕ್ಲಬ್ಬೇನೋ ಉಳೀತು ಕಣೇ. ನನ್ನ ಆಚೆ ಹಾಕಿದ್ರು. ಇನ್ಮೇಲೆ ಸಂಜೆಯೆಲ್ಲ ಮನೇಲೇ."

ಅವಳು ಒಳಗೆ ಉರಿಯುತ್ತಿದ್ದ ದೀಪಕ್ಕೆ ತಿರುಗಿ ಕೈಮುಗಿದಳು.

"ನಾಳೇನೇ ಮುಳಬಾಗಿಲಿಗೆ ಹೋಗಿ ಹರಕೆ ತೀರಿಸ್ಬಿಡಣ. ಸ್ವಾಮಿ ಇಷ್ಟು ಬೇಗ ನಡೆಸ್ಕೊಡ್ತಾನೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ."