ಎರಡು ಬೆರಳು ಸೊಟ್ಟ

"ಇವತ್ತು ದಂಗೆ ಏಳ್ತೀನಿ!" ಎಂದು ಮೂವರು ಮಕ್ಕಳಲ್ಲಿ ನಡುವಿನವನು ಘೋಷಿಸಿದಾಗ ಅವನ ಕೈಯಲ್ಲಿ ಡ್ರಿಲ್ಲಿಂಗ್ ಮಶೀನಿತ್ತು, ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಅಪ್ಪ ಕ್ಷೌರಕ್ಕೆ ಹೋಗಿದ್ದರು. ದಂಗೆಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದ್ದೀತು!

ಅಪ್ಪ ಮನೆ ಕಟ್ಟುವ ಮೇಸ್ತ್ರಿ. ಕೆಲಸ ಬಿಟ್ಟಿದ್ದರೂ ರಸಮಟ್ಟ ಬಿಟ್ಟಿರಲಿಲ್ಲ. ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತರೆ ಮಾತ್ರ ಲೋಕ ನೆಟ್ಟಗಿದೆ ಎಂದರ್ಥ. ಮಂಚ, ಮೇಜು, ಕೊನೆಗೆ ಓದಲು ಕೂತ ಮಕ್ಕಳ ಹೆಗಲ ಮೇಲೂ ಅದನ್ನಿಟ್ಟು "ಸರಿ ಇಲ್ಲ!" ಎಂದು ತೀರ್ಪು ಕೊಟ್ಟವರು ಅವರು. "ಸರಿ ಇದೆ" ಎಂಬ ಮಾತನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

ಇಂಥ ಅಪ್ಪನೆದುರು ಅಣ್ಣನದು ಗುಡುಗಿನ ದಾರಿ. "ಆಗಲ್ಲ ಅಂದ್ರೆ ಆಗಲ್ಲ!" ಎಂದು ಬಾಗಿಲು ಬಡಿದು ಹೋಗುವನು, ಅರ್ಧ ಗಂಟೆಗೆ ತಿರುಗಿ ಬಂದು, ಕೆಲಸವನ್ನು ಹೇಳಿದ್ದಕ್ಕಿಂತ ಚೆನ್ನಾಗಿ ಮುಗಿಸಿ, ಮತ್ತೆ ಬಾಗಿಲು ಬಡಿಯುವನು. ತಂಗಿ ಬಾಯಿ ತುಂಬ "ಆಯ್ತಪ್ಪಾ" ಎನ್ನುವಳು, ಕೆಲಸ ಮಾತ್ರ ಮುಟ್ಟಳು. ಬೈದರೆ ಅದಕ್ಕೂ "ಆಯ್ತಪ್ಪಾ"! ನಡುವಿನವನೊಬ್ಬ ಹೇಳಿದ್ದನ್ನು ಹೇಳಿದ ಹಾಗೇ ಮಾಡಿ, ಬೈಸಿಕೊಂಡು, ಒಳಗೊಳಗೇ ಕುದಿಯುತ್ತಿದ್ದ.

"ನಿನ್ನ ಕೈಲಿ ದಂಗೆ ಆಗಲ್ಲ ಬಿಡೋ," ಅಣ್ಣ ನಕ್ಕ. "ಅಪ್ಪಣೆ ತಗೊಂಡು ಸೀನೋನು ನೀನು!"

"ನೋಡ್ತಿರು! ಅಡುಗೆಮನೆ ಕಿಟಕಿ ಮೇಲೆ ಮಟ್ಟ ನೋಡಿ ಹಲಗೆ ಕೂರಿಸು ಅಂದಿದ್ದಾರಲ್ಲ? ಬೇಕಂತಲೇ ಸೊಟ್ಟ ಕೂರಿಸ್ತೀನಿ. ಕಿಟಕಿ ಚೌಕಟ್ಟು ನೋಡ್ಕೊಂಡು, ಎರಡು ಬೆರಳು ಇಳಿಜಾರು! ಕೇಳಿದ್ರೆ, 'ಹೌದು ಸೊಟ್ಟ, ಏನಿವಾಗ?' ಅಂತೀನಿ."

ಅಪ್ಪನ ಮುಖಕ್ಕೆ ಮುಖ ಕೊಟ್ಟು ಈ ಒಂದು ಮಾತು ಆಡಬೇಕೆಂಬುದು ಅವನ ಜೀವಮಾನದ ಆಸೆಯಾಗಿತ್ತು.

ಮೊದಲ ತೂತಿಗೇ ಗೋಡೆಯ ಗಾರೆ ಹೆಂಚಿನಷ್ಟಗಲ ಕಳಚಿ ಹಾಲಿನ ಪಾತ್ರೆಗೆ ಬಿತ್ತು. ಪಾತ್ರೆ ಮಗುಚಿತು, ಒಲೆ ಆರಿತು, ಕಾಲು ಜಾರಿ ದಂಗೆಕೋರ ಸ್ಟೂಲಿನ ಸಮೇತ ನೆಲಕ್ಕೆ! ಅಮ್ಮ ಸೌಟು ಹಿಡಿದು ಓಡಿಬಂದಳು.

"ಹಲಗೆ ಕೂರಿಸ್ತಿದೀಯೋ, ಮನೆ ಕೆಡವ್ತಿದೀಯೋ?"

"ದಂಗೆ ಅಮ್ಮಾ!"

"ದಂಗೆನೋ ಗಿಂಗೆನೋ, ಮೊದಲು ನೆಲ ಒರೆಸು!"

ಒರೆಸಿದ. ಮತ್ತೆ ಹತ್ತಿದ. ಅಂತೂ ಹಲಗೆ ನಿಂತಿತು. ಕಿಟಕಿಯ ಚೌಕಟ್ಟಿಗೆ ಹೋಲಿಸಿ ನೋಡಿದರೆ ಕಣ್ಣಿಗೆ ಹಬ್ಬವಾಗುವಷ್ಟು ಸೊಟ್ಟ!

ಅಪ್ಪ ಬಂದರು. ಹಲಗೆಯ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ಅತ್ತಿತ್ತ ಹೊರಳಾಡಿ ನಟ್ಟನಡುವೆ ನಿಂತಿತು. ಮಟ್ಟವನ್ನು ತಿರುಗಿಸಿ ಇಟ್ಟರು. ಆಗಲೂ ನಡುವೆಯೇ!

"ಸರಿ ಇದೆ," ಎಂದರು ಅಪ್ಪ.

ಅಣ್ಣ ತೆರೆದ ಬಾಯಿ ಮುಚ್ಚಲಿಲ್ಲ. "ಚಮಚಾ!" ಎಂದು ತಂಗಿ ಪಿಸುಗುಟ್ಟಿದಳು. ನಡುವಿನವನಿಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಅವಮಾನ.

"ಸರಿ ಇಲ್ಲಪ್ಪಾ!" ಎಂದು ಕಿರುಚಿದ. "ಬೇಕಂತಲೇ ಸೊಟ್ಟ ಕೂರಿಸಿದ್ದು! ಕಿಟಕಿ ನೋಡ್ಕೊಂಡು, ಎರಡು ಬೆರಳು!"

ಎಲ್ಲರ ಕಣ್ಣೂ ಕಿಟಕಿಯತ್ತ ತಿರುಗಿತು. ಅದು ಅಪ್ಪನೇ ಸ್ವಂತ ಕೈಯಿಂದ ಕೂರಿಸಿದ ಕಿಟಕಿ. ಅಣ್ಣ ಹಲ್ಲು ಕಿರಿದ. "ಆ ಮಟ್ಟ ಸ್ವಲ್ಪ ಕಿಟಕಿಗೂ ಇಡಿ ಅಪ್ಪಾ."

ಇಟ್ಟರು. ಗುಳ್ಳೆ ಮೂಲೆಗೆ ಓಡಿತು.

ಅಪ್ಪ ಸೋಲಬೇಕೆಂದು ಹಂಬಲಿಸಿದ ನಡುವಿನವನೇ ಅವರ ನೆರವಿಗೆ ನುಗ್ಗಿದ. "ಇಲ್ಲಪ್ಪಾ, ಕಿಟಕಿ ಸರಿ ಇದೆ. ಮಟ್ಟ ಹಳೇದು, ಅಷ್ಟೇ," ಎಂದ.

"ಮಟ್ಟಕ್ಕೇನಾಗಿದೆ?" ಅಪ್ಪ ಗಹಗಹಿಸಿ ನಕ್ಕರು. "ಇದನ್ನ ಕೂರಿಸೋವಾಗ ನಿಮ್ಮಜ್ಜ ಬೆನ್ನ ಹಿಂದೆ ನಿಂತು 'ಸರಿ ಇಲ್ಲ, ಸರಿ ಇಲ್ಲ' ಅಂತ ತಲೆ ತಿಂತಿದ್ರು. ರೇಗಿ ಹೋಯ್ತು. ಬೇಕಂತಲೇ ಸೊಟ್ಟ ಕೂರಿಸ್ದೆ. ಹೇಗೆ? ಮೊದಲು ಮಟ್ಟ ಇಟ್ಟು ನೋಡಿ, ಆಮೇಲೆ ಅಳೆದು ಎರಡು ಬೆರಳು!"

ಮೂವರೂ ದಂಗಾಗಿ ನಿಂತರು. ಅಪ್ಪ ರಸಮಟ್ಟವನ್ನು ನಡುವಿನವನ ಕೈಗೆ ತುರುಕಿದರು.

"ನೀನೂ ಇದೀಯ! ಸೊಟ್ಟ ಕಿಟಕಿ ನೋಡ್ಕೊಂಡು ಸೊಟ್ಟ ಕೂರಿಸಿದ್ರೆ ನೆಟ್ಟಗೇ ಆಗೋದು! ಒಂದು ಸೊಟ್ಟ ಕೆಲಸಾನಾದ್ರೂ ನೆಟ್ಟಗೆ ಮಾಡೋಕೆ ಬರಲ್ವಲ್ಲೋ! ಸರಿ ಇಲ್ಲ! ಕಿತ್ತು ಇನ್ನೊಂದ್ಸಲ ಕೂರಿಸು!"